ಊರ ಹೊರಗೆ ನಿಂತ ಲಾರಿ: ‘ನೋ ಎಂಟ್ರಿ’ ಫಲಕದ ಹಿಂದಿನ ಲೆಕ್ಕ

ತಿಪಟೂರಿನಲ್ಲಿ ಉಂಡೆ ಕೊಬ್ಬರಿಯ ಚೀಲಗಳನ್ನು ಹೇರಿಕೊಂಡು ಹೊರಟ ಲಾರಿಯೊಂದು ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಓಡಿ ದೆಹಲಿಯ ಗಡಿ ಮುಟ್ಟಿದೆ ಎಂದಿಟ್ಟುಕೊಳ್ಳಿ. ನಮ್ಮ ಕೊಬ್ಬರಿಗೆ ಉತ್ತರ ಭಾರತವೇ ದೊಡ್ಡ ಗಿರಾಕಿ. ಸರಕು ಸೇರಬೇಕಾದದ್ದು ಹಳೆ ದೆಹಲಿಯ ಸಗಟು ಪೇಟೆ ಖಾರಿ ಬಾವಲಿಗೆ. ಇನ್ನುಳಿದಿರುವುದು ಒಂದು ಗಂಟೆಯ ದಾರಿ. ಆದರೆ ಈಗ ಬೆಳಿಗ್ಗೆ ಹತ್ತು ಗಂಟೆ. ಭಾರಿ ಲಾರಿಗಳಿಗೆ ನಗರದ ಬಾಗಿಲು ತೆರೆಯುವುದು ರಾತ್ರಿ 11ರ ಸುಮಾರಿಗೆ. ಚಾಲಕ ರಸ್ತೆ ಬದಿಯಲ್ಲಿ ಗಾಡಿ ಹಾಕಿ, ಸ್ಟೌ ಹಚ್ಚಿ ಅನ್ನಕ್ಕಿಡುತ್ತಾನೆ.

ಇದು ಹಳೆಯ ತಡೆ. ಹೊಸದೊಂದು 2025ರ ನವೆಂಬರ್ 1ರಿಂದ ಸೇರಿಕೊಂಡಿದೆ. ದೆಹಲಿಯಲ್ಲಿ ನೋಂದಣಿಯಾಗದ, ಎಂಜಿನ್ ಹೊಗೆಗೆ ಮಿತಿ ಹಾಕುವ ಬಿಎಸ್–6 ಮಾನದಂಡ ಮುಟ್ಟದ ಸರಕು ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಬಿಎಸ್–4 ವಾಹನಗಳಿಗೆ ಮಾತ್ರ 2026ರ ಅಕ್ಟೋಬರ್ 31ರವರೆಗೆ ವಿನಾಯಿತಿ. ಅಂದರೆ ಕರ್ನಾಟಕದ ನಂಬರ್ ಫಲಕವಿರುವ, ಹತ್ತು ವರ್ಷದ ಹಿಂದಿನ ಲಾರಿಯೊಂದು ರಾತ್ರಿ 11ಕ್ಕೂ ಒಳಗೆ ಹೋಗುವಂತಿಲ್ಲ.

ನಿಷೇಧದ ಹಿಂದಿನ ತರ್ಕ ಸರಳ: ಲಾರಿ ಹೊಗೆ ಉಗುಳುತ್ತದೆ, ರಸ್ತೆ ತಡೆಯುತ್ತದೆ, ಅದನ್ನು ಹೊರಗಿಟ್ಟರೆ ಗಾಳಿಯೂ ರಸ್ತೆಯೂ ಹಗುರಾಗುತ್ತವೆ. ಅರ್ಧದಷ್ಟು ನಿಜ. ಉಳಿದರ್ಧ ಅರ್ಥವಾಗಬೇಕಾದರೆ ಒಂದು ಮಾತನ್ನು ನೆನಪಿಟ್ಟುಕೊಂಡರೆ ಸಾಕು. ಲಾರಿಯನ್ನು ತಡೆಯಬಹುದು, ಕೊಬ್ಬರಿಯನ್ನು ತಡೆಯಲಾಗದು. ಊರಿಗೆ ಬೇಕಾದ ಅಕ್ಕಿ, ಈರುಳ್ಳಿ, ಸಿಮೆಂಟು, ಗ್ಯಾಸ್ ಸಿಲಿಂಡರ್ ಹೇಗಾದರೂ ಒಳಗೆ ಬಂದೇ ಬರುತ್ತವೆ. ಬೇರೆ ಹೊತ್ತಿನಲ್ಲಿ, ಬೇರೆ ಗಾಡಿಯಲ್ಲಿ, ಇಲ್ಲವೇ ಬೇರೆ ದಾರಿಯಲ್ಲಿ.

ನಿಷೇಧಗಳಲ್ಲಿ ಹಲವು ಬಗೆ

ಪತ್ರಿಕೆಯ ತಲೆಬರಹದಲ್ಲಿ ಎಲ್ಲವೂ ‘ಲಾರಿ ನಿಷೇಧ’ವೇ. ಒಳಗೆ ನೋಡಿದರೆ ಸಂಗತಿಗಳು ಬೇರೆ ಬೇರೆ. ಕೆಲವು ಹೊತ್ತಿನ ನಿಷೇಧಗಳು: ಶಾಲೆ, ಕಚೇರಿಗಳ ವೇಳೆಯಲ್ಲಿ ಭಾರಿ ವಾಹನ ಬೇಡ ಎನ್ನುವಂಥವು. ಬೆಂಗಳೂರಿನವರಿಗೆ ಪರಿಚಿತವಾದದ್ದು ಇದೇ. ಕೆಲವು ಜಾಗದ ನಿಷೇಧಗಳು: ಇಂಥ ರಸ್ತೆಗೆ, ಇಂಥ ಪೇಟೆಗೆ ಇಷ್ಟು ಟನ್ನಿಗಿಂತ ಹೆಚ್ಚಿನ ಗಾಡಿ ಬರಕೂಡದು. ಮೂರನೆಯದು ಎಂಜಿನ್ನಿನ ವಯಸ್ಸು ಮತ್ತು ಹೊಗೆಯ ಪ್ರಮಾಣ ನೋಡಿ ತಡೆಯುವುದು. ನಾಲ್ಕನೆಯದು ತುರ್ತು ನಿಷೇಧ. ದೆಹಲಿಯಲ್ಲಿ ಗಾಳಿ ತೀರಾ ಕೆಟ್ಟಾಗ, ಹಂತ ಹಂತವಾಗಿ ಬಿಗಿಯಾಗುವ ‘ಗ್ರ್ಯಾಪ್’ ಯೋಜನೆಯ ಕೊನೆಯ ಹಂತದಲ್ಲಿ, ಅಗತ್ಯ ವಸ್ತುಗಳನ್ನು ತರುವ ಲಾರಿಗಳು ಮತ್ತು ಕಡಿಮೆ ಹೊಗೆಯ ವಾಹನಗಳ ಹೊರತು ಉಳಿದವನ್ನು ಗಡಿಯಲ್ಲೇ ನಿಲ್ಲಿಸುತ್ತಾರೆ.

ಇವುಗಳ ಉದ್ದೇಶವೂ ಒಂದೇ ಅಲ್ಲ. ಲಂಡನ್ನಿನಲ್ಲಿ 1985ರಿಂದ ಜಾರಿಯಲ್ಲಿರುವ ನಿಯಮವೊಂದು 18 ಟನ್ನಿಗಿಂತ ಭಾರವಾದ ಲಾರಿಗಳ ಓಡಾಟವನ್ನು ರಾತ್ರಿ ಮತ್ತು ವಾರಾಂತ್ಯದಲ್ಲಿ ಕಟ್ಟುಪಾಡಿಗೆ ಒಳಪಡಿಸುತ್ತದೆ. ನಮ್ಮದಕ್ಕೆ ಪೂರಾ ತಿರುಗುಮುರುಗು. ಅಲ್ಲಿನ ದೂರು ಹೊಗೆಯದಲ್ಲ, ನಿದ್ದೆಗೇಡಿನದು. ಹಗಲು ಲಾರಿ ಬಂದರೆ ರಸ್ತೆ ಕಟ್ಟುತ್ತದೆ, ರಾತ್ರಿ ಬಂದರೆ ನಿದ್ದೆ ಕೆಡುತ್ತದೆ. ಎರಡರಲ್ಲಿ ಯಾವುದನ್ನು ಸಹಿಸುತ್ತೀರಿ ಎಂಬ ಪ್ರಶ್ನೆಗೆ ಒಂದೊಂದು ಊರು ಒಂದೊಂದು ಉತ್ತರ ಕೊಟ್ಟಿದೆ. ಪ್ರಶ್ನೆಯಂತೂ ಹೊಸದಲ್ಲ. ಕ್ರಿ.ಪೂ. 45ರ ಹೊತ್ತಿಗೆ, ಜೂಲಿಯಸ್ ಸೀಸರನ ಕಾಲದ ರೋಮ್ ನಗರದಲ್ಲಿ ಬೆಳಗಿನಿಂದ ಇಳಿಹೊತ್ತಿನವರೆಗೆ ಸರಕಿನ ಬಂಡಿಗಳಿಗೆ ಪ್ರವೇಶವಿರಲಿಲ್ಲ. ದೇವಾಲಯ ಕಟ್ಟುವ ಸಾಮಗ್ರಿ ತರುವ ಬಂಡಿಗೂ ಕಸ ಒಯ್ಯುವ ಬಂಡಿಗೂ ವಿನಾಯಿತಿ ಇತ್ತು. ಎರಡು ಸಾವಿರ ವರ್ಷ ಕಳೆದರೂ ವಿನಾಯಿತಿಯ ಪಟ್ಟಿ ಹೆಚ್ಚೇನೂ ಬದಲಾಗಿಲ್ಲ.

ಹೊಗೆಯಲ್ಲಿ ಏನಿದೆ?

ಡೀಸೆಲ್ ಎಂಜಿನ್ನಿನಿಂದ ಬರುವವುಗಳಲ್ಲಿ ಎರಡನ್ನು ತಿಳಿದರೆ ಇಲ್ಲಿಗೆ ಸಾಕು. ಮೊದಲನೆಯದು ಕಣ. ಗಾಳಿಯ ಗುಣಮಟ್ಟದ ಸುದ್ದಿಯಲ್ಲಿ ಪಿಎಂ 2.5 ಎಂದು ಓದುತ್ತೇವಲ್ಲ, ಅದು 2.5 ಮೈಕ್ರೋಮೀಟರಿಗಿಂತ ಚಿಕ್ಕದಾದ ಕಣ. ತಲೆಗೂದಲಿನ ದಪ್ಪದಲ್ಲಿ ಮೂವತ್ತನೆಯ ಒಂದು ಭಾಗಕ್ಕೆ ಹತ್ತಿರ. ಮೂಗಿನ ರೋಮಕ್ಕೆ ಸಿಕ್ಕದೆ ಶ್ವಾಸಕೋಶದ ತಳಕ್ಕೇ ಇಳಿಯುತ್ತದೆ. ಎರಡನೆಯದು ನೈಟ್ರೋಜನ್ ಆಕ್ಸೈಡುಗಳು. ಇವು ಅನಿಲಗಳು, ಆದರೆ ಹೊರಬಿದ್ದ ಮೇಲೆ ಗಾಳಿಯಲ್ಲಿರುವ ಬೇರೆ ರಾಸಾಯನಿಕಗಳ ಜೊತೆ ಸೇರಿ ಮತ್ತಷ್ಟು ಕಣಗಳನ್ನೂ ಓಝೋನನ್ನೂ ಹುಟ್ಟಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಬಿಎಸ್ ಎಂದರೆ ಭಾರತ್ ಸ್ಟೇಜ್. ಎಂಜಿನ್ ಎಷ್ಟು ಹೊಗೆ ಬಿಡಬಹುದು ಎಂಬುದಕ್ಕೆ ಸರ್ಕಾರ ಕಟ್ಟಿದ ಮಿತಿ. ಬಿಎಸ್–4 ದೇಶದಾದ್ಯಂತ ಜಾರಿಗೆ ಬಂದದ್ದು 2017ರ ಏಪ್ರಿಲಿನಲ್ಲಿ. ಐದನ್ನು ಹಾರಿ ನೇರವಾಗಿ ಬಿಎಸ್–6 ಬಂದದ್ದು 2020ರ ಏಪ್ರಿಲಿನಲ್ಲಿ. ಭಾರಿ ವಾಹನದ ಎಂಜಿನ್ ಒಂದು ಯೂನಿಟ್ ಶಕ್ತಿ ಕೊಡುವಾಗ ಬಿಡಬಹುದಾದ ಕಣಗಳು ಬಿಎಸ್–3ರಲ್ಲಿ 0.10 ಗ್ರಾಂ, ಬಿಎಸ್–6ರಲ್ಲಿ 0.01 ಗ್ರಾಂ. ನೈಟ್ರೋಜನ್ ಆಕ್ಸೈಡಿನ ಮಿತಿ 5 ಗ್ರಾಮಿನಿಂದ 0.4 ಗ್ರಾಮಿಗೆ ಇಳಿದಿದೆ. ಕಾಗದದ ಲೆಕ್ಕದಲ್ಲಿ ಒಂದು ಹಳೆ ಲಾರಿ ಹತ್ತು ಹೊಸ ಲಾರಿಗಳಷ್ಟು ಮಸಿ ಬಿಡಬಹುದು. ಹೊಸ ಲಾರಿಗಳಲ್ಲಿ ಡೀಸೆಲ್ ಟ್ಯಾಂಕಿನ ಪಕ್ಕ ನೀಲಿ ಮುಚ್ಚಳದ ಚಿಕ್ಕ ಟ್ಯಾಂಕೊಂದನ್ನು ನೋಡಿರಬಹುದು. ಚಾಲಕರು ಅದಕ್ಕೆ ‘ಯೂರಿಯಾ’ ಹಾಕುವುದು ಎನ್ನುತ್ತಾರೆ. ಆ ದ್ರಾವಣವೇ ನೈಟ್ರೋಜನ್ ಆಕ್ಸೈಡನ್ನು ಮುರಿದು ನಿರುಪದ್ರವಿ ನೈಟ್ರೋಜನ್ ಮತ್ತು ನೀರಾಗಿಸುವುದು. ಅದನ್ನು ಹಾಕದೆ ಓಡಿಸಿದರೆ ಅಥವಾ ಅದರ ವ್ಯವಸ್ಥೆಯನ್ನು ತಪ್ಪಿಸಿಟ್ಟರೆ ಬಿಎಸ್–6 ಎಂಬುದು ನೋಂದಣಿ ಪತ್ರದ ಮೇಲಿನ ಹೆಸರಾಗಿ ಮಾತ್ರ ಉಳಿಯುತ್ತದೆ.

ಇನ್ನು ನಗರದ ಒಟ್ಟು ಕೊಳೆಯಲ್ಲಿ ಲಾರಿಯ ಪಾಲೆಷ್ಟು? ದೆಹಲಿಯ ಬಗ್ಗೆ ಐಐಟಿ ಕಾನ್ಪುರ ನಡೆಸಿದ, 2016ರಲ್ಲಿ ಹೊರಬಂದ ಅಧ್ಯಯನದ ಪ್ರಕಾರ ಪಿಎಂ 2.5ರಲ್ಲಿ ವಾಹನಗಳ ಪಾಲು ಸುಮಾರು ಶೇ 20. ಆ ಪಾಲಿನೊಳಗೆ ಲಾರಿಗಳದು ಶೇ 46. ಗುಣಿಸಿ ನೋಡಿದರೆ ಒಟ್ಟು ಕಣಗಳಲ್ಲಿ ಹತ್ತಿರ ಹತ್ತಿರ ಹತ್ತನೆಯ ಒಂದು. ಎಣಿಕೆಯಲ್ಲಿ ಕಾರು, ಬೈಕುಗಳ ಮುಂದೆ ಏನೂ ಅಲ್ಲದ ಲಾರಿಗಳಿಗೆ ಇದು ಬಹಳ ದೊಡ್ಡ ಪಾಲು. ಹಾಗೆಯೇ, ಎಲ್ಲ ಲಾರಿಗಳೂ ಒಂದು ರಾತ್ರಿ ಮಾಯವಾದರೂ ಉಳಿದ ಒಂಬತ್ತು ಪಾಲು ಅಲ್ಲೇ ಇರುತ್ತದೆ: ರಸ್ತೆಯ ದೂಳು, ಕಾರ್ಖಾನೆ, ಸುಟ್ಟ ಕಸ, ಸುಟ್ಟ ಪೈರಿನ ಕೂಳೆ. ನಿಷೇಧವಾದ ಮರುದಿನವೇ ಆಕಾಶ ನೀಲಿಯಾಗಲಿಲ್ಲವೆಂದು ದೂರುವವರೂ, ನಿಷೇಧದಿಂದಲೇ ಎಲ್ಲವೂ ಸರಿಹೋಗುತ್ತದೆ ಎನ್ನುವವರೂ ಈ ಗುಣಾಕಾರವನ್ನು ಮಾಡಿ ನೋಡಿದಂತಿಲ್ಲ.

ರಾತ್ರಿಯ ಗಾಳಿ, ದೇವರ ಕೋಣೆಯ ಊದುಬತ್ತಿ

ಒಂದೇ ಊದುಬತ್ತಿಯನ್ನು ಕಲ್ಯಾಣ ಮಂಟಪದಲ್ಲಿ ಹಚ್ಚಿದರೆ ಹೊಗೆ ಎಲ್ಲಿ ಹೋಯಿತೆಂದೇ ತಿಳಿಯುವುದಿಲ್ಲ. ದೇವರ ಕೋಣೆಯಲ್ಲಿ ಹಚ್ಚಿ ಬಾಗಿಲು ಹಾಕಿದರೆ ಕಣ್ಣುರಿ. ಬತ್ತಿ ಅದೇ, ಹೊಗೆಯೂ ಅಷ್ಟೇ, ಕೋಣೆ ಬೇರೆ.

ನಗರದ ಮೇಲಿನ ಗಾಳಿಯೂ ಇಂಥದೊಂದು ಕೋಣೆ, ಹೊತ್ತಿಗೆ ತಕ್ಕಂತೆ ಅದರ ಚಾವಣಿ ಏರಿಳಿಯುತ್ತದೆ. ಹಗಲಿನಲ್ಲಿ ಬಿಸಿಲಿಗೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲೇರುತ್ತದೆ, ಜೊತೆಗೆ ಹೊಗೆಯನ್ನೂ ಒಯ್ದು ಒಂದು ಕಿಲೋಮೀಟರಿಗೂ ಹೆಚ್ಚು ಎತ್ತರದವರೆಗೆ ಕಲಸುತ್ತದೆ. ಸಂಜೆಯ ಮೇಲೆ ನೆಲ ತಣಿಯುತ್ತದೆ. ನೆಲಕ್ಕೆ ತಾಗಿದ ಗಾಳಿ ತಣ್ಣಗೆ, ಅದರ ಮೇಲಿನದು ಬೆಚ್ಚಗೆ. ತಣ್ಣನೆಯ ಗಾಳಿ ಭಾರ, ಅದು ಮೇಲೇಳುವುದಿಲ್ಲ. ಮೇಲಿನ ಬೆಚ್ಚನೆಯ ಪದರ ಪಾತ್ರೆಗೆ ಮುಚ್ಚಳವಿಟ್ಟಂತೆ ಕುಳಿತುಬಿಡುತ್ತದೆ. ದೆಹಲಿಯ ಚಳಿಗಾಲದ ರಾತ್ರಿಗಳಲ್ಲಿ ಈ ಮುಚ್ಚಳ ಕೆಲವೇ ನೂರು ಮೀಟರುಗಳ ಎತ್ತರಕ್ಕೆ ಇಳಿಯುತ್ತದೆ.

ಹಗಲಿನ ಲಾರಿ ನಿಷೇಧ ಸರಕನ್ನು ತಳ್ಳುವುದು ಸರಿಯಾಗಿ ಈ ಹೊತ್ತಿಗೇ. ಗಡಿಯಲ್ಲಿ ದಿನವಿಡೀ ಕಾದ ಲಾರಿಗಳು ರಾತ್ರಿ ಒಟ್ಟಿಗೆ ಒಳನುಗ್ಗುತ್ತವೆ. ಬಿಟ್ಟ ಹೊಗೆಗೆ ಕರಗಿಹೋಗಲು ಜಾಗವಿಲ್ಲ. ಬೆಳಗಿನ ವಾಯುವಿಹಾರಕ್ಕೆ ಹೊರಟವರು ತಾಜಾ ಗಾಳಿಯೆಂದು ಎಳೆದುಕೊಳ್ಳುವ ಉಸಿರಿನಲ್ಲಿ ಹಿಂದಿನ ರಾತ್ರಿಯ ಸರಕು ಸಾಗಣೆಯ ಪಾಲೂ ಇರುತ್ತದೆ. ಬಿಸಿಲೇರಿ ಮುಚ್ಚಳ ತೆರೆಯುವವರೆಗೆ ಅದು ಅಲ್ಲೇ ಇರುತ್ತದೆ.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಹಗಲಿನ ದಟ್ಟಣೆಯಲ್ಲಿ ನಿಂತು, ಹೊರಟು, ಮತ್ತೆ ನಿಲ್ಲುವ ಲಾರಿ ಒಂದು ಕಿಲೋಮೀಟರಿಗೆ ಸುಡುವ ಡೀಸೆಲ್ ಬಹಳ ಹೆಚ್ಚು. ಹದಿನಾರು ಟನ್ ಭಾರವನ್ನು ನಿಂತಲ್ಲಿಂದ ಎಳೆದು ವೇಗಕ್ಕೆ ತರುವಾಗಲೇ ಎಂಜಿನ್ ಹೆಚ್ಚು ಕರಿಹೊಗೆ ಕಕ್ಕುವುದು. ಸಿಗ್ನಲ್ ಬಿಟ್ಟಾಗ ಲಾರಿಯ ಹಿಂದೆ ಬೈಕಿನಲ್ಲಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಖಾಲಿ ರಸ್ತೆಯಲ್ಲಿ ಒಂದೇ ಹದದ ವೇಗದಲ್ಲಿ ಸಾಗುವ ಅದೇ ಲಾರಿ ಕಡಿಮೆ ಉಗುಳುತ್ತದೆ. ಹಾಗಾಗಿ ರಾತ್ರಿ ಸಾಗಣೆಯಿಂದ ಒಟ್ಟು ಹೊಗೆ ತಗ್ಗುತ್ತದೆ, ಆದರೆ ಆ ತಗ್ಗಿದ ಹೊಗೆ ಚಿಕ್ಕ ಕೋಣೆಯೊಳಗೆ ಬೀಳುತ್ತದೆ. ಲಾಭವೋ ನಷ್ಟವೋ ಎಂಬುದು ಊರಿನ ಹವೆಯ ಮೇಲೆ ನಿಂತಿದೆ. ಸಮುದ್ರದ ಗಾಳಿ ಬೀಸುವ ಚೆನ್ನೈಗೆ, ಎತ್ತರದ ಪ್ರಸ್ಥಭೂಮಿಯಲ್ಲಿರುವ ಬೆಂಗಳೂರಿಗೆ ಬರುವ ಉತ್ತರವೇ ಗಾಳಿಯಾಡದ ಬಯಲಿನ ದೆಹಲಿಗೂ ಬರಬೇಕೆಂದಿಲ್ಲ.

ಒಂದು ಲಾರಿಯ ಬದಲು ಇಪ್ಪತ್ತೆರಡು ಟೆಂಪೊ

ದೊಡ್ಡ ಗಾಡಿಗೆ ತಡೆಯಿದ್ದು ಚಿಕ್ಕದಕ್ಕೆ ಇಲ್ಲದಿದ್ದರೆ ವ್ಯಾಪಾರಿ ಮಾಡುವ ಮೊದಲ ಕೆಲಸ ಚಿಕ್ಕ ಗಾಡಿಗೆ ಫೋನು ಮಾಡುವುದು. 2005ರಲ್ಲಿ ಬಂದ ಟಾಟಾ ಏಸ್, ಹಿಂದಿಯವರ ಬಾಯಲ್ಲಿ ‘ಛೋಟಾ ಹಾಥಿ’, ಇಷ್ಟು ಬೇಗ ಊರೂರಿಗೆ ಹಬ್ಬಿದ್ದಕ್ಕೆ ಅದು ಎಲ್ಲ ಗಲ್ಲಿಗೂ ನುಗ್ಗುತ್ತದೆ ಎಂಬುದೊಂದು ಕಾರಣ, ದೊಡ್ಡ ಲಾರಿಗಳ ನಿಯಮ ಅದಕ್ಕೆ ತಾಗುವುದಿಲ್ಲ ಎಂಬುದು ಇನ್ನೊಂದು.

ಲೆಕ್ಕಕ್ಕೆ ಕೂರೋಣ. ಹತ್ತು ಚಕ್ರದ ಲಾರಿ 16 ಟನ್ ಹೊತ್ತಿದೆ. ಮುಕ್ಕಾಲು ಟನ್ ಹೊರುವ ಚಿಕ್ಕ ಗಾಡಿಗಳಿಗೆ ಅದನ್ನು ಹಂಚಿದರೆ 22 ಗಾಡಿ ಬೇಕು. ಲಾರಿ ಲೀಟರಿಗೆ 4 ಕಿಲೋಮೀಟರ್, ಚಿಕ್ಕದು 16 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಂಡರೆ, ಹತ್ತು ಕಿಲೋಮೀಟರ್ ದೂರಕ್ಕೆ ಲಾರಿಗೆ ಎರಡೂವರೆ ಲೀಟರ್ ಸಾಕು. ಇಪ್ಪತ್ತೆರಡು ಚಿಕ್ಕ ಗಾಡಿಗಳಿಗೆ ಒಟ್ಟು ಹದಿಮೂರು ಮುಕ್ಕಾಲು ಲೀಟರ್. ಐದು ಪಟ್ಟಿಗೂ ಮೇಲೆ. ಅವು ಖಾಲಿ ಮರಳುವ ದಾರಿ ಇದರಲ್ಲಿ ಸೇರಿಲ್ಲ.

ರಸ್ತೆಯ ಜಾಗದ ಲೆಕ್ಕವೂ ಹೀಗೆಯೇ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಎಂಜಿನಿಯರುಗಳ ಸಂಸ್ಥೆ ಪ್ರತಿ ವಾಹನವನ್ನೂ ಕಾರಿನ ಅಳತೆಗೆ ಇಳಿಸಿ ನಗರದ ದಟ್ಟಣೆ ಎಣಿಸುತ್ತದೆ. ಲಾರಿಗೆ ಹೆಚ್ಚೆಂದರೆ 3.7 ಕಾರು, ಹಗುರ ಸರಕು ವಾಹನಕ್ಕೆ ಕಡಿಮೆಯೆಂದರೂ 1.4 ಕಾರು. ಇಪ್ಪತ್ತೆರಡನ್ನು 1.4ರಿಂದ ಗುಣಿಸಿ: ನಾಲ್ಕು ಕಾರಿನ ಜಾಗದಲ್ಲಿ ಬರುತ್ತಿದ್ದ ಸರಕು ಮೂವತ್ತಕ್ಕೂ ಹೆಚ್ಚು ಕಾರಿನ ಜಾಗ ಕೇಳುತ್ತಿದೆ.

ಹಾಗಾದರೆ ದೊಡ್ಡ ಲಾರಿಯನ್ನೇ ಚಿಕ್ಕಪೇಟೆಯೊಳಗೆ ಬಿಟ್ಟುಬಿಡುವುದೇ? ಅದು ಆಗದ ಮಾತು; ಅವಿನ್ಯೂ ರಸ್ತೆಯಲ್ಲಿ ಹತ್ತು ಚಕ್ರದ ಗಾಡಿ ತಿರುಗುವುದೇ ಇಲ್ಲ. ಇಪ್ಪತ್ತೆರಡು ಅಂಗಡಿಗಳಿಗೆ ಸರಕು ಹಂಚಲು ಚಿಕ್ಕ ಗಾಡಿ ಯಾವಾಗಲೂ ಬೇಕು. ನಿಜವಾದ ಪ್ರಶ್ನೆ, ದೊಡ್ಡದರಿಂದ ಚಿಕ್ಕದಕ್ಕೆ ಸರಕು ಬದಲಾಗುವ ಜಾಗ ಎಲ್ಲಿದೆ ಎಂಬುದು. ಯಶವಂತಪುರದ ಯಾರ್ಡಿನಲ್ಲಿ ಬದಲಾದರೆ ಚಿಕ್ಕ ಗಾಡಿ ಓಡುವುದು ಹತ್ತು ಕಿಲೋಮೀಟರಿಗೂ ಕಡಿಮೆ. ನೆಲಮಂಗಲದಾಚೆ ದಾಬಸ್‌ಪೇಟೆಯಲ್ಲಿ ಬದಲಾದರೆ ನಲವತ್ತು, ಐವತ್ತು. ನಿಷೇಧ ಬಿಗಿಯಾದಷ್ಟೂ, ನಗರದೊಳಗಿನ ಜಾಗದ ಬೆಲೆ ಏರಿದಷ್ಟೂ ಗೋದಾಮುಗಳು ಹೊರಹೊರಗೆ ಸರಿಯುತ್ತವೆ. ಬೆಂಗಳೂರಿಗೆ ನೆಲಮಂಗಲ, ಹೊಸಕೋಟೆ, ಮುಂಬೈಗೆ ಭಿವಂಡಿ. ಅಷ್ಟೂ ದೂರವನ್ನು ಚಿಕ್ಕ ಗಾಡಿಗಳು ದಿನವೂ ಓಡುತ್ತವೆ.

ಆ ಚಿಕ್ಕ ಗಾಡಿ ವಿದ್ಯುತ್ತಿನದಾದರೆ ಹೊಗೆಯ ಲೆಕ್ಕ ಬೇರೆಯೇ ಆಗುತ್ತದೆ. ಬೆಂಗಳೂರಿನಲ್ಲಿ ಸರಕು ಸಾಗಿಸುವ ಮೂರು ಚಕ್ರದ ವಿದ್ಯುತ್ ಗಾಡಿಗಳು ಈಗ ಸಾಮಾನ್ಯ ನೋಟ. ಹೊಗೆ ಇಲ್ಲವಾದರೂ ಅವು ಹಿಡಿಯುವ ಜಾಗ ಇದ್ದೇ ಇದೆ. ಟೈರು, ಬ್ರೇಕು ಸವೆದು ಏಳುವ ದೂಳೂ ಪೂರ್ತಿ ಹೋಗದು.

ಲಾರಿಯ ವಿರುದ್ಧ ಇರುವ ಒಂದು ವಾದಕ್ಕೆ ಮಾತ್ರ ಈ ಯಾವ ಲೆಕ್ಕವೂ ಉತ್ತರವಾಗುವುದಿಲ್ಲ. ಎತ್ತರದ ಕ್ಯಾಬಿನ್ನಿನಲ್ಲಿ ಕುಳಿತ ಚಾಲಕನಿಗೆ ಎಡಬದಿಯಲ್ಲಿ, ಮುಂಚಕ್ರದ ಪಕ್ಕದಲ್ಲೇ ಇರುವ ಸೈಕಲ್ಲೋ ಸ್ಕೂಟರೋ ಕಾಣುವುದಿಲ್ಲ. ಶಾಲೆ ಬಿಡುವ ಹೊತ್ತಿನಲ್ಲಿ ಟಿಪ್ಪರುಗಳನ್ನು ತಡೆಯಿರಿ ಎಂದು ತಾಯಂದಿರು ಕೇಳುವುದು ಪಿಎಂ 2.5ರ ಅಂಕಿ ನೋಡಿಯಲ್ಲ. ಆ ಒಂದೆರಡು ಗಂಟೆಯ ತಡೆಗೆ ಹೊಗೆಯ ಸಮರ್ಥನೆ ಬೇಕಾಗಿಯೂ ಇಲ್ಲ.

ಕಾಯುವ ಲಾರಿಯ ಖರ್ಚು ಯಾರದು?

ಲಾರಿ ಮಾಲೀಕನ ಖರ್ಚಿನಲ್ಲಿ ಎರಡು ಭಾಗ. ಓಡಿದರೆ ಮಾತ್ರ ತಗಲುವುದು: ಡೀಸೆಲ್, ಟೋಲ್, ಟೈರು. ಓಡಿದರೂ ನಿಂತರೂ ತಗಲುವುದು: ಸಾಲದ ಕಂತು, ವಿಮೆ, ತೆರಿಗೆ, ಚಾಲಕ ಮತ್ತು ಕ್ಲೀನರ್‌ನ ಸಂಬಳ, ಭತ್ಯೆ. ಈ ಎರಡನೆಯದು ತಿಂಗಳಿಗೆ 90,000 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 18 ಟ್ರಿಪ್ ಹೊಡೆದರೆ ಒಂದೊಂದರ ಮೇಲೆ 5,000 ರೂಪಾಯಿ ಬೀಳುತ್ತದೆ. ಕಾಯುವುದರಲ್ಲೇ ಹೊತ್ತು ಕಳೆದು ಟ್ರಿಪ್ 12ಕ್ಕೆ ಇಳಿದರೆ ಅದೇ 7,500. ಒಂದು ತೊಟ್ಟು ಡೀಸೆಲ್ ಹೆಚ್ಚು ಸುಡದೆ ಬಾಡಿಗೆ ಏರಿತು.

ಏರಿದ ಬಾಡಿಗೆಯನ್ನು ಯಾರು ಹೊರುತ್ತಾರೆ ಎಂಬುದು ಸರಕನ್ನು ಅವಲಂಬಿಸಿದೆ. ಚೀಲದ ಕೊಬ್ಬರಿಗೆ ಒಂದು ದಿನ ತಡವಾದರೆ ಏನೂ ಆಗದು. ಟೊಮೆಟೊಗೆ ಆಗುತ್ತದೆ. ಕೋಲಾರದ ಟೊಮೆಟೊ ಗಡಿಯಲ್ಲಿ ಹಗಲಿಡೀ ತಾಡಪತ್ರಿಯಡಿ ಬೆಂದರೆ, ಮಂಡಿಯಲ್ಲಿ ದರ ಬೀಳುವುದು ಬೆಳೆದವನಿಗೆ. ಅದಕ್ಕೇ ಹಣ್ಣು, ತರಕಾರಿ, ಹಾಲಿಗೆ ಹೆಚ್ಚಿನ ಕಡೆ ವಿನಾಯಿತಿ ಇರುತ್ತದೆ. ಇನ್ನೂ ಅವಸರದ ಸರಕು ಸಿದ್ಧ ಕಾಂಕ್ರೀಟ್. ಡೊಳ್ಳು ಹೊಟ್ಟೆ ತಿರುಗಿಸುತ್ತ ಸಾಗುವ ಆ ಲಾರಿಯಿಂದ ಕಾಂಕ್ರೀಟನ್ನು ತುಂಬಿದ ಎರಡು ಗಂಟೆಯೊಳಗೆ ಸುರಿಯಬೇಕು ಎಂಬುದು ಭಾರತೀಯ ಮಾನಕದ ಸಾಮಾನ್ಯ ನಿಯಮ. ಅದನ್ನು ಊರಾಚೆ ನಿಲ್ಲಿಸಿ ರಾತ್ರಿ ಬಾ ಎನ್ನುವಂತಿಲ್ಲ. ಹಗಲು ನಿಷೇಧವಿದ್ದಲ್ಲಿ ಚಾವಣಿ ಹಾಕುವ ಕೆಲಸವೇ ರಾತ್ರಿಗೆ ಹೋಗುತ್ತದೆ. ಪಕ್ಕದ ಮನೆಯವರು ಪೊಲೀಸರಿಗೆ ಫೋನು ಮಾಡುತ್ತಾರೆ.

ರಾತ್ರಿ ಸರಕು ಇಳಿಸಬೇಕೆಂದರೆ ಯಾರಾದರೂ ಬಾಗಿಲು ತೆರೆಯಬೇಕು, ಹಮಾಲರು ಇರಬೇಕು, ಎಣಿಸಿ ಸಹಿ ಹಾಕುವವರು ಬೇಕು. ಸರಪಳಿ ಮಳಿಗೆಯೊಂದು ಇದಕ್ಕೆ ರಾತ್ರಿ ಪಾಳಿಯ ಇಬ್ಬರನ್ನು ಇಟ್ಟುಕೊಳ್ಳಬಹುದು. ಗಂಡ ಹೆಂಡತಿ ಇಬ್ಬರೇ ನಡೆಸುವ ದಿನಸಿ ಅಂಗಡಿಗೆ ಆಗದು. ಅವರ ಮುಂದೆ ಇರುವುದು ಎರಡು ದಾರಿ: ಒಟ್ಟಿಗೆ ಹೆಚ್ಚು ಸರಕು ತರಿಸಿ ಇಟ್ಟುಕೊಳ್ಳುವುದು, ಇಲ್ಲವೇ ಚಿಕ್ಕ ಗಾಡಿಯ ದುಬಾರಿ ಬಾಡಿಗೆ ಕೊಡುವುದು. ಮೊದಲನೆಯದಕ್ಕೆ ಜಾಗ ಮತ್ತು ಬಂಡವಾಳ ಬೇಕು; ಇದ್ದಿದ್ದರೆ ಅವರು ಚಿಕ್ಕ ಅಂಗಡಿ ಇಟ್ಟುಕೊಂಡಿರುತ್ತಿರಲಿಲ್ಲ. ಒಂದೇ ನಿಯಮ ಇಬ್ಬರಿಗೂ ಒಂದೇ ಭಾರವಾಗಿ ಬೀಳುವುದಿಲ್ಲ.

ಚಾಲಕನ ಮಾತು ಯಾವ ಆದೇಶದಲ್ಲೂ ಇರುವುದಿಲ್ಲ. ಹಗಲು ಹೆದ್ದಾರಿ ಬದಿಯಲ್ಲಿ, ಬಿಸಿಲಿಗೆ ಕಾದ ಕ್ಯಾಬಿನ್ನಿನಲ್ಲಿ ಬರುವ ನಿದ್ದೆ ನಿದ್ದೆಯಲ್ಲ. ಅದನ್ನೇ ನೆಚ್ಚಿ ರಾತ್ರಿಯಿಡೀ ಅಪರಿಚಿತ ನಗರದಲ್ಲಿ ಓಡಿಸಬೇಕು. ಲಾರಿ ನಿಲ್ಲಿಸಲು, ಸ್ನಾನ ಮಾಡಲು, ಮಲಗಲು ಊರಂಚಿನಲ್ಲಿ ಜಾಗವಿದ್ದರೆ ನಿಷೇಧದ ಅರ್ಧ ಕಷ್ಟ ಕರಗುತ್ತದೆ. ಕರ್ನಾಟಕದಲ್ಲಿ ಇದಕ್ಕೆಂದೇ ಡಿ. ದೇವರಾಜ ಅರಸು ಟ್ರಕ್ ಟರ್ಮಿನಲ್ಸ್ ಎಂಬ ಸರ್ಕಾರಿ ಸಂಸ್ಥೆಯಿದೆ, ಯಶವಂತಪುರದಲ್ಲಿ ಟರ್ಮಿನಲ್ ಇದೆ. ಆದರೂ ಇಳಿಸಂಜೆಯಲ್ಲಿ ತುಮಕೂರು ರಸ್ತೆಯಲ್ಲಿ ಹೋದವರಿಗೆ, ರಸ್ತೆಬದಿಯಲ್ಲಿ ಸಾಲುಗಟ್ಟಿದ ಲಾರಿಗಳನ್ನು ನೋಡಿದರೆ ಜಾಗ ಸಾಲುತ್ತಿಲ್ಲವೆಂದು ತಿಳಿಯುತ್ತದೆ.

ಮನಿಲಾದ ಏಳು ತಿಂಗಳು

ವ್ಯಾಪಾರದ ಮೇಲಿನ ಪರಿಣಾಮವನ್ನು ಬರಿಗಣ್ಣಿಗೆ ಕಾಣುವಷ್ಟು ದೊಡ್ಡದಾಗಿ ತೋರಿಸಿದ ಊರು ಫಿಲಿಪ್ಪೀನ್ಸಿನ ರಾಜಧಾನಿ ಮನಿಲಾ. ಅಲ್ಲಿ ಲಾರಿಗಳಿಗೆ ಹೊತ್ತಿನ ಕಟ್ಟುಪಾಡು ಮೊದಲೇ ಇತ್ತು. 2014ರ ಫೆಬ್ರುವರಿ 24ರಿಂದ ಮೇಯರ್ ಜೋಸೆಫ್ ಎಸ್ಟ್ರಾಡಾ ಅವರ ನಗರಾಡಳಿತ ಅದನ್ನು ಬಿಗಿಗೊಳಿಸಿತು: ಎಂಟು ಚಕ್ರದ ಅಥವಾ ಒಟ್ಟು ತೂಕ 4,500 ಕಿಲೋ ಮೀರಿದ ಲಾರಿಗಳಿಗೆ ಬೆಳಿಗ್ಗೆ 5ರಿಂದ ರಾತ್ರಿ 9ರವರೆಗೆ ಪ್ರವೇಶವಿಲ್ಲ. ಮಧ್ಯಾಹ್ನದ ಕೆಲವು ಗಂಟೆಗಳ ಸಡಿಲಿಕೆ ಕೊಟ್ಟರೂ ಲಾರಿ ಮಾಲೀಕರು ಮುಷ್ಕರ ಹೂಡಿದರು.

ಎಡವಿದ್ದು ಒಂದು ಕಡೆ: ದೇಶದ ಮುಖ್ಯ ಬಂದರು ಅದೇ ನಗರದೊಳಗಿದೆ. ಹಡಗುಗಳು ಹಗಲೂ ರಾತ್ರಿ ಕಂಟೇನರುಗಳನ್ನು ಇಳಿಸುತ್ತಲೇ ಇದ್ದವು. ಒಯ್ಯುವ ಲಾರಿಗಳಿಗೆ ಮಾತ್ರ ದಿನದಲ್ಲಿ ಕೆಲವೇ ಗಂಟೆ. ಸಿಂಕಿಗೆ ನಲ್ಲಿ ಬಿಟ್ಟು ಕೆಳಗಿನ ಕೊಳವೆಗೆ ಬಟ್ಟೆ ತುರುಕಿದಂತಾಯಿತು. ಅಂಗಳ ತುಂಬಿತು, ಕಂಟೇನರಿನ ಮೇಲೆ ಕಂಟೇನರ್ ಪೇರಿಸಿದ್ದರಿಂದ ಬೇಕಾದ ಒಂದನ್ನು ತೆಗೆಯಲು ಹತ್ತನ್ನು ಸರಿಸಬೇಕಾಯಿತು. ಸರಕು ಇಳಿಸಿದ ಖಾಲಿ ಕಂಟೇನರುಗಳನ್ನು ಹಿಂದಿರುಗಿಸಲೂ ಜಾಗವಿಲ್ಲದೆ ಲಾರಿಗಳು ಅವನ್ನೇ ಹೊತ್ತು ನಿಂತವು. ಹಡಗುಗಳು ಹೊರಗೆ ಲಂಗರು ಹಾಕಿ ಸರದಿ ಕಾದವು. ಕಚ್ಚಾವಸ್ತು ಬಾರದೆ ಕಾರ್ಖಾನೆಗಳು ಪರದಾಡಿದವು, ಕೆಲವು ಸರಕು ಸೂಬಿಕ್, ಬತಾಂಗಸ್ ಬಂದರುಗಳತ್ತ ತಿರುಗಿತು. ಕೊನೆಗೆ ಕ್ರಿಸ್‌ಮಸ್ ಸರಕಿನ ಹೊತ್ತು ಹತ್ತಿರವಾದಾಗ, ಸೆಪ್ಟೆಂಬರ್ 13ರಂದು ನಿಷೇಧ ತೆರವಾಯಿತು. ಗಂಟು ಬಿಗಿದಷ್ಟು ಬೇಗ ಬಿಚ್ಚಲಿಲ್ಲ. ಬಂದರು ಸಹಜ ಸ್ಥಿತಿಗೆ ಮರಳಲು ತಿಂಗಳುಗಳೇ ಹಿಡಿದವು.

ಮನಿಲಾದ ಬೀದಿಗಳು ಆ ತಿಂಗಳುಗಳಲ್ಲಿ ಹಗಲಿನ ವೇಳೆ ಹಗುರಾಗಿದ್ದವು ಎಂದು ನಗರಾಡಳಿತ ಹೇಳಿಕೊಂಡಿತ್ತು. ಅದರಲ್ಲಿ ಸುಳ್ಳಿರಬೇಕಿಲ್ಲ. ಊರಿನ ಮೇಯರ್ ನೋಡುವುದು ಊರಿನ ಬೀದಿಯನ್ನು. ಬಂದರು ಸೇವೆ ಮಾಡುವುದು ಇಡೀ ದೇಶಕ್ಕೆ.

ಬಳಸು ದಾರಿ

ನಗರಕ್ಕೆ ಸಂಬಂಧವೇ ಇಲ್ಲದ ಲಾರಿಗಳು ಅದರೊಳಗೆ ಹಾದುಹೋಗುವುದು ಬೇರೆಯದೇ ಸಮಸ್ಯೆ. ಪಂಜಾಬಿನಿಂದ ರಾಜಸ್ಥಾನಕ್ಕೆ ಹೊರಟ ಲಾರಿ ದೆಹಲಿಯ ಮೂಲಕವೇ ಹೋಗುತ್ತಿದ್ದುದು ಏಕೆ? ಆ ದಾರಿ ಅಗ್ಗವಾಗಿತ್ತು. ಸುತ್ತಿನ ಹೆದ್ದಾರಿಗಳ ಟೋಲ್‌ಗಿಂತ ನಗರ ಪ್ರವೇಶದ ಶುಲ್ಕ ಕಡಿಮೆ ಇತ್ತು. ಸುಪ್ರೀಂ ಕೋರ್ಟ್ 2015ರ ಅಕ್ಟೋಬರಿನಲ್ಲಿ ಈ ಗಣಿತವನ್ನೇ ತಿರುಗಿಸಿತು: ಒಳಬರುವ ಹಗುರ ಸರಕು ವಾಹನ ಮತ್ತು ಎರಡು ಆಕ್ಸಲ್ ಲಾರಿಗೆ 700, ಮೂರು ಅಥವಾ ಹೆಚ್ಚಿನ ಆಕ್ಸಲ್‌ನದಕ್ಕೆ 1,300 ರೂಪಾಯಿ ಪರಿಸರ ಪರಿಹಾರ ಶುಲ್ಕ. ಡಿಸೆಂಬರಿನಲ್ಲಿ ಅದು 1,400 ಮತ್ತು 2,600ಕ್ಕೆ ಏರಿತು. ದಂಡವೂ ಅಲ್ಲ, ನಿಷೇಧವೂ ಅಲ್ಲ. ಬರಬೇಕಾದವನು ಹಣ ಕೊಟ್ಟು ಬರುತ್ತಾನೆ, ಬರಬೇಕಿಲ್ಲದವನು ಸುತ್ತಿ ಹೋಗುತ್ತಾನೆ.

ಸುತ್ತಿ ಹೋಗಲು ರಸ್ತೆ ಬೇಕಲ್ಲ? ಪೂರ್ವ ಮತ್ತು ಪಶ್ಚಿಮದ ಹೊರ ವರ್ತುಲ ಎಕ್ಸ್‌ಪ್ರೆಸ್ ಹೆದ್ದಾರಿಗಳನ್ನು ಕಟ್ಟಿರೆಂದು ಕೋರ್ಟ್ 2005ರಲ್ಲೇ ಹೇಳಿತ್ತು. ತಲಾ 135 ಕಿಲೋಮೀಟರಿನ ಈ ರಸ್ತೆಗಳು ಪೂರ್ಣವಾಗಿ ತೆರೆದದ್ದು 2018ರಲ್ಲಿ. ಅಲ್ಲಿಯವರೆಗಿನ ಆದೇಶಗಳೆಲ್ಲ ಬಾಗಿಲಿಲ್ಲದ ಗೋಡೆ ತೋರಿಸಿ ಹೊರಗೆ ಹೋಗು ಎಂದಂತೆ ಇದ್ದವು. ಬೆಂಗಳೂರಿನಲ್ಲಿ ನೈಸ್ ರಸ್ತೆ ಈ ಕೆಲಸದ ಒಂದು ಭಾಗ ಮಾಡುತ್ತದೆ. ಸ್ಯಾಟಲೈಟ್ ಟೌನ್ ವರ್ತುಲ ರಸ್ತೆಯ ದಾಬಸ್‌ಪೇಟೆ–ದೊಡ್ಡಬಳ್ಳಾಪುರ–ಹೊಸಕೋಟೆ ಭಾಗ ತೆರೆದ ಮೇಲೆ, ತುಮಕೂರು ಕಡೆಯಿಂದ ಕೋಲಾರದತ್ತ ಹೋಗುವ ಲಾರಿಗೆ ಹೆಬ್ಬಾಳದ ಮೇಲ್ಸೇತುವೆಯ ಮುಖ ನೋಡುವ ಅಗತ್ಯವಿಲ್ಲ.

ಶುಲ್ಕದ ಕಥೆಗೆ ಒಂದು ಬಾಲವಿದೆ. ಮೊದಲಿನಿಂದಲೂ ತರಕಾರಿ, ಹಾಲು, ಧಾನ್ಯದಂಥ ಅಗತ್ಯ ವಸ್ತುಗಳ ವಾಹನಗಳಿಗೆ ವಿನಾಯಿತಿ ಇತ್ತು. ಒಳಗೆ ತರಕಾರಿ ಇದೆಯೋ ಬೇರೆ ಸರಕಿದೆಯೋ ಎಂದು ತಿಳಿಯಲು ಪ್ರತಿ ಲಾರಿಯನ್ನೂ ನಿಲ್ಲಿಸಿ ನೋಡಬೇಕು. ನಿಲ್ಲಿಸಿದರೆ ಹಿಂದೆ ಸಾಲು. ಸಾಲಿನಲ್ಲಿ ಎಂಜಿನ್ ಆರಿಸದ ಲಾರಿಗಳು. ಹೊಗೆ ತಗ್ಗಿಸಲು ಹಾಕಿದ ಶುಲ್ಕದ ವಿನಾಯಿತಿಯೇ ಹೊಗೆ ಎಬ್ಬಿಸುತ್ತಿದೆ ಎಂಬ ವಾದ ಕೋರ್ಟಿನ ಮುಂದೆ ಬಂದು, 2025ರಲ್ಲಿ ವಿನಾಯಿತಿ ರದ್ದಾಯಿತು.

ಹಳೆಯ ಲಾರಿಗೆ ಮಾತ್ರ ತಡೆ

ಹೊತ್ತು, ಗಾತ್ರ, ದಾರಿಗಳನ್ನು ಬಿಟ್ಟು ಎಂಜಿನ್ನನ್ನೇ ಹಿಡಿಯುವ ನಿಷೇಧಕ್ಕೆ ಮೇಲಿನ ತೊಡಕುಗಳಲ್ಲಿ ಹಲವು ಇಲ್ಲ. ಲಂಡನ್ 2008ರ ಫೆಬ್ರುವರಿಯಲ್ಲಿ 12 ಟನ್ನಿಗಿಂತ ದೊಡ್ಡ ಲಾರಿಗಳಿಂದ ಇದನ್ನು, ನೇರ ನಿಷೇಧದ ಬದಲು ಭಾರಿ ದಿನಶುಲ್ಕದ ರೂಪದಲ್ಲಿ, ಆರಂಭಿಸಿ ಮೆಲ್ಲಗೆ ಚಿಕ್ಕವುಗಳಿಗೂ ವಿಸ್ತರಿಸಿತು. ಗಾಡಿ ದೊಡ್ಡದೇ ಇರುತ್ತದೆ, ಆದ್ದರಿಂದ ಟೆಂಪೊಗಳ ಹಿಂಡು ಹುಟ್ಟುವುದಿಲ್ಲ. ಹೊಗೆ ಮಾತ್ರ ಹತ್ತನೆಯ ಒಂದು. ದೆಹಲಿಯ ಹೊಸ ನಿಯಮ ಈ ಜಾತಿಯದು.

ಇಲ್ಲಿ ಪೆಟ್ಟು ಬೀಳುವುದು ಲಾರಿಯ ಬೆಲೆಯ ಮೇಲೆ. ನಮ್ಮಲ್ಲಿ ಬಹಳಷ್ಟು ಲಾರಿಗಳು ಒಂದೆರಡು ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರವು. ಎಷ್ಟೋ ಕಡೆ ಮಾಲೀಕನೇ ಚಾಲಕ. ಹೊಸ ಬಿಎಸ್–6 ಲಾರಿಗೆ ಲಕ್ಷಾಂತರ ರೂಪಾಯಿ ಸಾಲ ಬೇಕು. ಹಳೆಯದನ್ನು ಮಾರಲು ಹೋದರೆ ದೆಹಲಿಗೆ ಹೋಗಲಾರದ ಗಾಡಿಯೆಂದು ದರ ಕುಸಿದಿರುತ್ತದೆ. ಮಾರಿದ ಗಾಡಿ ಗುಜರಿಗೂ ಹೋಗುವುದಿಲ್ಲ. ಯಾವ ನಿಷೇಧವೂ ಇಲ್ಲದ ಜಿಲ್ಲಾ ಕೇಂದ್ರದಲ್ಲಿ ಜಲ್ಲಿ, ಮರಳು, ಇಟ್ಟಿಗೆ ಹೊರುತ್ತ ಇನ್ನೂ ಹತ್ತು ವರ್ಷ ಓಡುತ್ತದೆ. ದೆಹಲಿಯ ಗಾಳಿಯ ಲೆಕ್ಕದಿಂದ ಅದರ ಹೊಗೆ ಕಳೆದುಹೋಯಿತು. ಗಾಳಿ ಅಳೆಯುವ ಯಂತ್ರವೇ ಇಲ್ಲದ ಊರಿನ ಲೆಕ್ಕಕ್ಕೆ ಸೇರಲಿಲ್ಲ.

ತಿಪಟೂರಿನ ಆ ಲಾರಿ ಈಗ ಏನು ಮಾಡುತ್ತದೆ? ಬಿಎಸ್–4 ಆಗಿದ್ದರೆ 2026ರ ಅಕ್ಟೋಬರ್ ಕೊನೆಯವರೆಗೆ ಶುಲ್ಕ ಕಟ್ಟಿ, ರಾತ್ರಿ 11 ದಾಟಿದ ಮೇಲೆ ಖಾರಿ ಬಾವಲಿಯತ್ತ ಹೋಗಬಹುದು. ಬಿಎಸ್–3 ಆಗಿದ್ದರೆ ಗಡಿಯಾಚೆ ಹರಿಯಾಣದಲ್ಲೋ ಉತ್ತರ ಪ್ರದೇಶದಲ್ಲೋ ಒಂದು ಗೋದಾಮಿನ ಮುಂದೆ ನಿಲ್ಲುತ್ತದೆ. ಹಮಾಲರು ಚೀಲಗಳನ್ನು ಒಂದೊಂದಾಗಿ ದೆಹಲಿ ನಂಬರಿನ ಚಿಕ್ಕ ಗಾಡಿಗಳಿಗೆ ಹೊರುತ್ತಾರೆ. ಆ ಕೂಲಿ, ಆ ಬಾಡಿಗೆ, ಗೋದಾಮಿನ ಒಂದು ದಿನದ ದರ ಸೇರಿಸಿ ಚೀಟಿ ಬರೆಯಲಾಗುತ್ತದೆ. ಇಳಿಸಿ ಹಗುರಾದ ಲಾರಿ ಮರಳುವ ಲೋಡಿಗಾಗಿ ಅಲ್ಲೇ ರಸ್ತೆ ಬದಿಯಲ್ಲಿ ಕಾಯುತ್ತದೆ, ಮತ್ತು ಚೀಟಿಯ ಒಂದು ಪ್ರತಿ ತಿಪಟೂರಿನ ಮಂಡಿಯ ಮೊಬೈಲಿಗೆ ಬರುತ್ತದೆ.